ಶಿವಮೊಗ್ಗದಲ್ಲಿ ಮೂರು ಸರ್ವರ್, ಸಾಗರದಲ್ಲಿ ಬ್ಯಾಕಪ್: ಸ್ವಂತ ಕ್ಲೌಡ್ ಕಟ್ಟಿದ ಬಗೆ

ಮೊದಲ ನಕ್ಷೆಯಲ್ಲಿ ಎರಡು ಸರ್ವರ್ ಶಿವಮೊಗ್ಗದಲ್ಲಿ, ಒಂದು ಸಾಗರದಲ್ಲಿ ಇತ್ತು. ಮೂರನ್ನೂ ಸೇರಿಸಿ ಒಂದೇ ಕ್ಲಸ್ಟರ್ (ಒಂದೇ ಯಂತ್ರದಂತೆ ಒಟ್ಟಿಗೆ ದುಡಿಯುವ ಸರ್ವರುಗಳ ಗುಂಪು) ಮಾಡಿದರೆ ಶಿವಮೊಗ್ಗದ ಕಟ್ಟಡಕ್ಕೆ ಏನಾದರೂ ಆದ ದಿನ ಸಾಗರದಲ್ಲಿ ಕೆಲಸ ಮುಂದುವರಿಯುತ್ತದೆ ಎಂಬುದು ಲೆಕ್ಕ. ಆರಿದ್ರಾ ಮಳೆ ಹಿಡಿದ ವಾರವೇ ಆ ಲೆಕ್ಕ ಬಿದ್ದುಹೋಯಿತು. ಈಗ ಓಡುತ್ತಿರುವುದು ಬೇರೆ ನಕ್ಷೆ: ಮೂರೂ ಸರ್ವರ್ ಶಿವಮೊಗ್ಗದ ಒಂದೇ ಕೋಣೆಯಲ್ಲಿ, ಸಾಗರಕ್ಕೆ ಹೋಗುವುದು ಬ್ಯಾಕಪ್ ಮಾತ್ರ. ಮಲೆನಾಡಿನಲ್ಲಿ ಇಂಥದ್ದು ಕಟ್ಟಲು ಹೊರಟವರಿಗೆ ಉಪಯೋಗವಾಗಲಿ ಎಂದು, ಎಲ್ಲೆಲ್ಲಿ ಏನು ಮುರಿಯಿತು, ಯಾಕೆ ಮುರಿಯಿತು ಎಂಬುದರ ಸಮೇತ ಬರೆದಿದ್ದೇವೆ.

ಕೆಲಸ ಒಂದು ಅಡಿಕೆ ಬೆಳೆಗಾರರ ಸಹಕಾರ ಸಂಘದ್ದು. ಲೆಕ್ಕಪತ್ರದ ಸಾಫ್ಟ್‌ವೇರ್, ತೂಕ ಮತ್ತು ಬಿಲ್ಲಿನ ಡೇಟಾಬೇಸ್, ಶಾಖೆಗಳ ಫೈಲ್ ಹಂಚಿಕೆ, ವೆಬ್‌ಸೈಟ್, ಮೇಲ್ ಎಲ್ಲ ಸೇರಿ ಇಪ್ಪತ್ತೆರಡು ವರ್ಚುವಲ್ ಮಷೀನ್ (ವಿಎಂ), ಅಂದರೆ ಸರ್ವರಿನೊಳಗೆ ತಂತ್ರಾಂಶವೇ ರಚಿಸುವ ಕಂಪ್ಯೂಟರ್‌ಗಳು. ಅದಕ್ಕೂ ಮೊದಲು ಇವೆಲ್ಲ ಮೇಜಿನ ಕೆಳಗಿನ ಹಳೆಯ ಟವರ್ ಕಂಪ್ಯೂಟರ್‌ಗಳಲ್ಲಿ ಹಂಚಿಹೋಗಿದ್ದವು.

ಕ್ಲಸ್ಟರ್ ಸಾಗರಕ್ಕೆ ಯಾಕೆ ಹೋಗಬಾರದು

ಶಿವಮೊಗ್ಗದಿಂದ ಸಾಗರಕ್ಕೆ ಎಪ್ಪತ್ತು ಕಿಲೋಮೀಟರ್ ಚಿಲ್ಲರೆ. ಫೈಬರ್ ಒಳಗೆ ಬೆಳಕು ಒಂದು ಕಿಲೋಮೀಟರಿಗೆ ಸುಮಾರು 5 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ. ನೇರ ಎಳೆ ಇದ್ದಿದ್ದರೆ ಹೋಗಿ ಬರಲು ಒಂದು ಮಿಲಿಸೆಕೆಂಡೂ ಬೇಡ. ಆದರೆ ನಾವು ಬಾಡಿಗೆಗೆ ಹಿಡಿದಿದ್ದ ಲೈನು ನೇರ ಎಳೆ ಆಗಿರಲಿಲ್ಲ. ದಾರಿ ತೋರಿಸುವ ಟ್ರೇಸ್‌ರೂಟ್ ಹಾಕಿ ನೋಡಿದರೆ ಸಾಗರದ ಪ್ಯಾಕೆಟ್ ಬೆಂಗಳೂರಿಗೆ ಹೋಗಿ ತಿರುಗಿ ಬರುತ್ತಿತ್ತು. ಒಳ್ಳೆಯ ಹೊತ್ತಿನಲ್ಲೂ ಹತ್ತು ಮಿಲಿಸೆಕೆಂಡ್ ದಾಟುತ್ತಿತ್ತು, ಮಳೆ ಬಂದಾಗ ಅದೂ ಒಂದೇ ಸಮ ಇರುತ್ತಿರಲಿಲ್ಲ.

ನೋಡ್‌ಗಳು, ಅಂದರೆ ಕ್ಲಸ್ಟರಿನ ಸರ್ವರುಗಳು, ಪರಸ್ಪರ ಬದುಕಿವೆಯೇ ಎಂದು ನೋಡಿಕೊಳ್ಳುವ ಕೆಲಸ ಕೋರೋಸಿಂಕ್ ಎಂಬ ತಂತ್ರಾಂಶದ್ದು. ಅದಕ್ಕೆ ಬೇಕಾಗಿರುವುದು ದೊಡ್ಡ ಬ್ಯಾಂಡ್‌ವಿಡ್ತ್ ಅಲ್ಲ, ಐದು ಮಿಲಿಸೆಕೆಂಡಿನೊಳಗೆ ತಪ್ಪದೆ ಬರುವ ಉತ್ತರ. ಅದರ ಮೂಲ ಸೆಟ್ಟಿಂಗಿನಲ್ಲಿ ಮೂರು ನೋಡ್‌ಗೆ ಟೋಕನ್ (ನೋಡ್‌ನಿಂದ ನೋಡ್‌ಗೆ ಸುತ್ತುವ ಸಂದೇಶ) ಕಾಯುವ ಅವಧಿ ಸುಮಾರು 3.65 ಸೆಕೆಂಡ್. ಅದರೊಳಗೆ ಸುದ್ದಿ ಬರದಿದ್ದರೆ ಆ ನೋಡ್ ಹೋಯಿತೆಂದು ಉಳಿದವು ತೀರ್ಮಾನಿಸುತ್ತವೆ. ರಸ್ತೆ ಬದಿ ಮರ ಬಿದ್ದು ಲೈನು ಆಗಾಗ ಕಡಿದು ಕೂಡಿಕೊಳ್ಳುತ್ತಿದ್ದಾಗ ಸಾಗರದ ನೋಡ್ ಗಂಟೆಗೆ ಹತ್ತು ಸಲ ಹೊರಗೆ, ಹತ್ತು ಸಲ ಒಳಗೆ. ಮೂರರಲ್ಲಿ ಎರಡು ಮತ ಇದ್ದವರಿಗೆ ಮಾತ್ರ ಕೋರಂ, ಅಂದರೆ ತೀರ್ಮಾನ ಮಾಡುವ ಹಕ್ಕು. ಒಂಟಿಯಾದ ಸಾಗರದ ನೋಡ್‌ಗೆ ಕೋರಂ ಇಲ್ಲ. ಅದರ ಮೇಲೆ ಹೈ ಅವೈಲೆಬಿಲಿಟಿಗೆ (ಒಂದು ನೋಡ್ ಬಿದ್ದರೆ ವಿಎಂ ಇನ್ನೊಂದರಲ್ಲಿ ತಾನೇ ಏಳುವ ಏರ್ಪಾಡಿಗೆ) ಸೇರಿಸಿದ ವಿಎಂ ಇದ್ದರೆ 60 ಸೆಕೆಂಡ್ ಕಾದು ವಾಚ್‌ಡಾಗ್ ಎಂಬ ಕಾವಲು ಟೈಮರ್ ಇಡೀ ಸರ್ವರನ್ನೇ ರೀಬೂಟ್ ಮಾಡುತ್ತದೆ. ಅದು ದೋಷವಲ್ಲ, ಅದರ ಕರ್ತವ್ಯವೇ ಅದು. ಒಂದೇ ವಿಎಂ ಎರಡೂ ಕಡೆ ಏಕಕಾಲಕ್ಕೆ ಎದ್ದು ಒಂದೇ ಡಿಸ್ಕಿಗೆ ಬರೆದರೆ ಡೇಟಾ ಹಾಳಾಗುತ್ತದೆ, ಅದನ್ನು ತಡೆಯಲೆಂದೇ ಆ ಏರ್ಪಾಡು ಇದೆ.

ಅದಕ್ಕಿಂತ ಹೆಚ್ಚು ಕಾಡಿದ್ದು ಸ್ಟೋರೇಜ್. ಎಲ್ಲ ನೋಡ್‌ಗಳ ಡಿಸ್ಕುಗಳನ್ನು ಒಂದುಗೂಡಿಸುವ ಸೆಫ್ ಎಂಬ ತಂತ್ರಾಂಶ ಒಂದು ಬರಹವನ್ನು ಮೂರು ನೋಡ್‌ಗಳಲ್ಲಿ ಮೂರು ಪ್ರತಿಯಾಗಿ ಇಡುತ್ತದೆ, ಮೂರೂ ಕಡೆಯಿಂದ ‘ಬರೆದಾಯ್ತು’ ಎಂದು ಬಂದ ಮೇಲೆಯೇ ವಿಎಂಗೆ ಉತ್ತರ ಕೊಡುತ್ತದೆ. ಹಾಗಾಗಿ ಶಿವಮೊಗ್ಗದ ಕೌಂಟರಿನಲ್ಲಿ ಕೂತವರು ಬಿಲ್ ಉಳಿಸಿದಾಗಲೂ ಆ ಬರಹ ಬೆಂಗಳೂರು ಸುತ್ತಿ ಸಾಗರ ಮುಟ್ಟಿ ವಾಪಸ್ ಬರುವವರೆಗೆ ಪರದೆ ಕಾಯಬೇಕು. ಡೇಟಾಬೇಸ್ ಒಂದು ಬಿಲ್ಲಿಗೆ ಹತ್ತಾರು ಸಣ್ಣ ಬರಹ ಮಾಡುತ್ತದೆ, ಒಂದರ ಹಿಂದೆ ಒಂದರಂತೆ. ಲೈನಿನ ವೇಗ ಹೆಚ್ಚಿಸಿದರೆ ಇದು ಸರಿಯಾಗುವುದಿಲ್ಲ, ಯಾಕೆಂದರೆ ಇಲ್ಲಿ ಹೊತ್ತು ತಿನ್ನುತ್ತಿರುವುದು ದೂರ.

ನಮ್ಮ ಖಚಿತ ಅಭಿಪ್ರಾಯ ಇದು: ಎರಡು ಊರಿನ ನಡುವೆ ನಿಮ್ಮದೇ ಡಾರ್ಕ್ ಫೈಬರ್ (ಬೇರೆ ಯಾರೂ ಬಳಸದ ನೇರ ಎಳೆ), ಅದೂ ಎರಡು ಬೇರೆ ಬೇರೆ ದಾರಿಯಲ್ಲಿ, ಇಲ್ಲದಿದ್ದರೆ ಕ್ಲಸ್ಟರ್ ಒಂದೇ ಕೋಣೆಯಲ್ಲಿರಬೇಕು.

ಯಾವ ಹೈಪರ್‌ವೈಸರ್

ಹೈಪರ್‌ವೈಸರ್ ಎಂದರೆ ಒಂದು ಸರ್ವರಿನಲ್ಲಿ ಹಲವು ವಿಎಂ ಓಡಿಸುವ ತಂತ್ರಾಂಶ. ಮುಕ್ತ ತಂತ್ರಾಂಶದಲ್ಲಿ ಮುಖ್ಯವಾಗಿ ಎರಡು ಬೇರು. ಒಂದು, ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2003ರಲ್ಲಿ ಹೊರಬಂದ ಝೆನ್. ಅಮೆಜಾನಿನ ಇಸಿ2 ಸೇವೆ 2006ರಲ್ಲಿ ಶುರುವಾದದ್ದು ಇದರ ಮೇಲೆ. ಇವತ್ತು ಅದನ್ನು ಸಲೀಸಾಗಿ ಬಳಸಲು ಎಕ್ಸ್‌ಸಿಪಿ-ಎನ್‌ಜಿ ಇದೆ. ಇನ್ನೊಂದು, 2007ರ ಫೆಬ್ರುವರಿಯಲ್ಲಿ 2.6.20 ಆವೃತ್ತಿಯೊಂದಿಗೆ ಲಿನಕ್ಸ್ ಕರ್ನಲ್ ಒಳಗೇ ಸೇರಿದ ಕೆವಿಎಂ. ಪ್ರಾಕ್ಸ್‌ಮಾಕ್ಸ್, ಓಪನ್‌ಸ್ಟ್ಯಾಕ್, ಅಪಾಚೆ ಕ್ಲೌಡ್‌ಸ್ಟ್ಯಾಕ್‌ಗಳೆಲ್ಲ ಕೆವಿಎಂ ಮೇಲೆ ನಡೆಯುತ್ತವೆ.

ನಾವು ಹಿಡಿದದ್ದು ಪ್ರಾಕ್ಸ್‌ಮಾಕ್ಸ್ ವಿಇ, 9ನೇ ಆವೃತ್ತಿ. ಡೆಬಿಯನ್ 13ರ ಮೇಲೆ ಕೂತಿರುವುದರಿಂದ ಡೆಬಿಯನ್ ಬಲ್ಲವರು ಯಾರಾದರೂ ಒಳಗೆ ಕೈ ಹಾಕಬಹುದು. ಸೆಫ್, ಫೈರ್‌ವಾಲ್, ಬ್ಯಾಕಪ್ ಎಲ್ಲವೂ ಒಂದೇ ಪರದೆಯಲ್ಲಿ ಸಿಗುತ್ತವೆ. ಓಪನ್‌ಸ್ಟ್ಯಾಕ್ ದೊಡ್ಡದು, ಶಕ್ತಿಶಾಲಿ, ಆದರೆ ಅದನ್ನೇ ನೋಡಿಕೊಳ್ಳುವ ಒಂದು ತಂಡ ಬೇಕು. ಮೂರು ಸರ್ವರಿಗೆ ಅದನ್ನು ಹೇರುವುದು ಸರಿಯಲ್ಲ.

ಯಂತ್ರ, ಡಿಸ್ಕ್, ಕೇಬಲ್

ಮೂರೂ ಸರ್ವರ್ ಸೆಕೆಂಡ್‌ಹ್ಯಾಂಡ್ ರ್‍ಯಾಕ್ ಯಂತ್ರಗಳು. ಒಂದೊಂದರಲ್ಲಿ 14 ಕೋರಿನ ಎರಡು ಕ್ಸಿಯಾನ್ ಇ5-2680 ವಿ4, 128 ಜಿಬಿ ಇಸಿಸಿ (ಸಣ್ಣ ದೋಷ ತಾನೇ ತಿದ್ದುವ) ರ್‍ಯಾಮ್, ಆಪರೇಟಿಂಗ್ ಸಿಸ್ಟಮ್‌ಗೆ 240 ಜಿಬಿಯ ಎರಡು ಎಸ್‌ಎಸ್‌ಡಿ, ಸೆಫ್‌ಗೆ 1.92 ಟಿಬಿಯ ನಾಲ್ಕು ಎಂಟರ್‌ಪ್ರೈಸ್ ಎಸ್‌ಎಸ್‌ಡಿ, ಎರಡು ಪೋರ್ಟಿನ 10 ಗಿಗಾಬಿಟ್ ಕಾರ್ಡ್. ಪ್ರೊಸೆಸರ್ ಮೂರರಲ್ಲೂ ಒಂದೇ ಇದ್ದುದು ಅನುಕೂಲವಾಯಿತು, ವಿಎಂಗಳಿಗೆ ಸಿಪಿಯು ಬಗೆಯನ್ನು ‘ಹೋಸ್ಟ್’ ಎಂದೇ ಇಟ್ಟೆವು. ಬೇರೆ ಬೇರೆ ಪೀಳಿಗೆಯ ಪ್ರೊಸೆಸರ್ ಬೆರೆಸುವವರು ಹೀಗೆ ಮಾಡಬಾರದು. ಹೊಸ ಪ್ರೊಸೆಸರಿನಲ್ಲಿ ಎದ್ದ ವಿಎಂ ಹಳೆಯದಕ್ಕೆ ಲೈವ್ ಮೈಗ್ರೇಟ್ ಆದ (ಓಡುತ್ತಲೇ ದಾಟಿದ) ಕೂಡಲೇ ಬೀಳಬಹುದು. ಅಂಥಲ್ಲಿ ಪ್ರಾಕ್ಸ್‌ಮಾಕ್ಸ್ ತಾನಾಗಿ ಕೊಡುವ ಎಕ್ಸ್86-64-ವಿ2-ಎಇಎಸ್ ಬಗೆಯನ್ನೇ ಬಿಡಿ.

ಎಸ್‌ಎಸ್‌ಡಿ ವಿಷಯದಲ್ಲಿ ಹಣ ಉಳಿಸಲು ಹೋಗಬೇಡಿ. ಸೆಫ್ ಪ್ರತಿ ಬರಹವನ್ನೂ ‘ನಿಜವಾಗಿ ಬರೆದೆಯಾ?’ ಎಂದು ಕೇಳಿಯೇ ಮುಂದೆ ಹೋಗುತ್ತದೆ. ಎಂಟರ್‌ಪ್ರೈಸ್ ಡಿಸ್ಕಿನಲ್ಲಿ ಸಣ್ಣ ಕೆಪಾಸಿಟರುಗಳ ಸಾಲು ಇರುತ್ತದೆ. ಕರೆಂಟ್ ಹೋದರೂ ಅದರಲ್ಲಿ ಉಳಿದ ಶಕ್ತಿಯಿಂದ ಒಳಗಿನ ರ್‍ಯಾಮ್‌ನಲ್ಲಿದ್ದುದನ್ನು ಫ್ಲ್ಯಾಶಿಗೆ ಇಳಿಸಬಲ್ಲದು. ಆ ಧೈರ್ಯದಲ್ಲಿ ಅದು ತಕ್ಷಣ ‘ಆಯ್ತು’ ಎನ್ನುತ್ತದೆ. ಲ್ಯಾಪ್‌ಟಾಪಿಗೆ ಹಾಕುವ ಡಿಸ್ಕಿಗೆ ಕೆಪಾಸಿಟರ್ ಇಲ್ಲ, ಹಾಗಾಗಿ ಪ್ರತಿ ಸಲವೂ ಫ್ಲ್ಯಾಶ್ ತನಕ ಹೋಗಿ ಬರಬೇಕು. ಡಿಸ್ಕಿನ ವೇಗ ಅಳೆಯುವ ಎಫ್‌ಐಓ ತಂತ್ರಾಂಶದಲ್ಲಿ 4ಕೆ ಬ್ಲಾಕ್, ಸಿಂಕ್ 1, ಡೈರೆಕ್ಟ್ 1, ಕ್ಯೂ ಆಳ 1 ಎಂದು ಒಂದು ನಿಮಿಷ ಓಡಿಸಿ ನೋಡಿ: ಒಂದು ಡಿಸ್ಕ್ ಸೆಕೆಂಡಿಗೆ ನೂರರ ಲೆಕ್ಕದಲ್ಲಿ ಬರೆದರೆ ಇನ್ನೊಂದು ಹತ್ತು ಸಾವಿರದ ಲೆಕ್ಕದಲ್ಲಿ ಬರೆಯುತ್ತದೆ. ಪೆಟ್ಟಿಗೆಯ ಮೇಲೆ ಅಚ್ಚಾದ ವೇಗ ಎರಡರದ್ದೂ ಒಂದೇ ಇರಬಹುದು. ಕೊಳ್ಳುವ ಮೊದಲು ಒಂದೇ ಡಿಸ್ಕ್ ತಂದು ಈ ಪರೀಕ್ಷೆ ಮಾಡುವುದು ಉತ್ತಮ.

ಡಿಸ್ಕುಗಳನ್ನು ಒಟ್ಟುಗೂಡಿಸುವ ರೇಡ್ ಕಾರ್ಡನ್ನು, ಡಿಸ್ಕುಗಳನ್ನು ಇದ್ದಂತೆಯೇ ತೋರಿಸುವ ಐಟಿ ಮೋಡಿಗೆ ಬದಲಿಸಿದೆವು. ಕಾರ್ಡು ನಡುವೆ ಕೂತು ಡಿಸ್ಕನ್ನು ಮುಚ್ಚಿಟ್ಟರೆ ಸೆಫ್‌ಗಾಗಲಿ ಝಡ್‌ಎಫ್‌ಎಸ್‌ಗಾಗಲಿ (ನೋಡ್‌ನ ಸ್ವಂತ ಡಿಸ್ಕಿಗೆ ಬಳಸಿದ ಫೈಲ್ ಸಿಸ್ಟಮ್) ಡಿಸ್ಕಿನ ಆರೋಗ್ಯ ಕಾಣುವುದಿಲ್ಲ.

ಜಾಗದ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ. 12 ಡಿಸ್ಕ್ ಸೇರಿ 23.04 ಟಿಬಿ. ಮೂರು ಪ್ರತಿ ಆದ್ದರಿಂದ ಬಳಕೆಗೆ 7.68. ಅದನ್ನು ಪೂರ್ತಿ ತುಂಬುವಂತಿಲ್ಲ. ಸೆಫ್ 85 ಪ್ರತಿಶತಕ್ಕೆ ಎಚ್ಚರಿಕೆ ಕೊಟ್ಟು, 95ಕ್ಕೆ ಬರೆಯುವುದನ್ನೇ ನಿಲ್ಲಿಸುತ್ತದೆ. ಮೂರೇ ನೋಡ್ ಇರುವಾಗ ಇನ್ನೊಂದು ಸಂಗತಿ ಇದೆ: ಒಂದು ಡಿಸ್ಕ್ ಸತ್ತರೆ ಅದರಲ್ಲಿದ್ದುದನ್ನು ಅದೇ ನೋಡ್‌ನ ಉಳಿದ ಮೂರು ಡಿಸ್ಕ್‌ಗಳೇ ಹೊರಬೇಕು, ಬೇರೆ ನೋಡ್‌ಗಳಲ್ಲಿ ಈಗಾಗಲೇ ಒಂದೊಂದು ಪ್ರತಿ ಇದೆಯಲ್ಲ. ನಾಲ್ಕೂ 60 ಪ್ರತಿಶತ ತುಂಬಿದ್ದರೆ, ಒಂದು ಹೋದಾಗ ಉಳಿದ ಮೂರು 80ಕ್ಕೆ ಏರುತ್ತವೆ. 75 ತುಂಬಿದ್ದರೆ ನೇರ 100. ಆದ್ದರಿಂದ ನಮ್ಮ ಮಿತಿ 60 ಪ್ರತಿಶತ, ಅಂದರೆ 4.6 ಟಿಬಿ. ಸಂಘದವರಿಗೆ ಮೊದಲ ದಿನವೇ ಹೇಳಿದ್ದು ಈ ಸಂಖ್ಯೆಯನ್ನು, 23 ಅನ್ನಲ್ಲ.

ರ್‍ಯಾಮಿಗೂ ಅದೇ ಬಗೆ. ಒಂದು ನೋಡ್ ಬಿದ್ದರೆ ಉಳಿದೆರಡು ಎಲ್ಲ ವಿಎಂಗಳನ್ನೂ ಹೊರಬೇಕು. 128ರಲ್ಲಿ ನಾಲ್ಕು ಸೆಫ್ ಡಿಸ್ಕಿಗೆ ತಲಾ 4ರಂತೆ 16 ಜಿಬಿ, ಝಡ್‌ಎಫ್‌ಎಸ್ ಕ್ಯಾಶೆ, ಮಾನಿಟರ್ ಮತ್ತು ಹೋಸ್ಟಿಗೆಂದು 12 ತೆಗೆದರೆ 100 ಉಳಿಯುತ್ತದೆ. ಎರಡು ನೋಡ್‌ಗೆ 200. ಎಲ್ಲ ವಿಎಂಗಳ ರ್‍ಯಾಮ್ ಕೂಡಿಸಿ 190 ದಾಟದಂತೆ ನೋಡಿಕೊಂಡಿದ್ದೇವೆ.

ಹತ್ತು ಗಿಗಾಬಿಟ್ ಸ್ವಿಚ್ ಕೊಳ್ಳಲಿಲ್ಲ. ಮೂರು ನೋಡ್, ತಲಾ ಎರಡು ಪೋರ್ಟ್: ಮೂರು ಡಿಎಸಿ (ಎರಡೂ ತುದಿಗೆ ಪ್ಲಗ್ ಇರುವ ತಾಮ್ರದ) ಕೇಬಲಿನಲ್ಲಿ ಒಂದಕ್ಕೊಂದು ನೇರ ಕಟ್ಟಿದರೆ ತ್ರಿಕೋನವಾಯಿತು. ಅದರ ಮೇಲೆ ಓಪನ್‌ಫ್ಯಾಬ್ರಿಕ್ ರೂಟಿಂಗ್ ಹಾಕಿದರೆ ಒಂದು ಕೇಬಲ್ ಕಿತ್ತರೂ ಮಾತು ಮೂರನೆಯ ನೋಡ್ ಮೂಲಕ ಹೋಗುತ್ತದೆ. 9ನೇ ಆವೃತ್ತಿಯಲ್ಲಿ ಇದನ್ನು ಪರದೆಯಿಂದಲೇ ಮಾಡಬಹುದು. ಕೋರೋಸಿಂಕ್‌ಗೆ ಮಾತ್ರ ಪ್ರತ್ಯೇಕ ಸಣ್ಣ 1 ಗಿಗಾಬಿಟ್ ಸ್ವಿಚ್. ಸೆಫ್ ಓಡುವ ಕೇಬಲಿನಲ್ಲೇ ಕೋರೋಸಿಂಕ್ ಇಟ್ಟರೆ, ಡಿಸ್ಕ್ ಸತ್ತು ಮರುತುಂಬಿಕೆ ನಡೆಯುವಾಗ ಅದರ ಪ್ಯಾಕೆಟ್ ತಡವಾಗಿ ನೋಡ್‌ಗಳೇ ರೀಬೂಟ್ ಆಗುತ್ತವೆ.

ಸ್ಥಾಪನೆ

ಬಯೋಸಿನಲ್ಲಿ ವಿಟಿ-ಎಕ್ಸ್, ವಿಟಿ-ಡಿ ಆನ್. ಕರೆಂಟ್ ಬಂದಾಗ ತಾನೇ ಏಳುವ ಆಯ್ಕೆ ಆನ್, ಮೂರಕ್ಕೂ ಬೇರೆ ಬೇರೆ ವಿಳಂಬ. ಸೆಕೆಂಡ್‌ಹ್ಯಾಂಡ್ ಯಂತ್ರ ಕೊಂಡವರು ಇನ್ನೊಂದು ಕೆಲಸ ಮಾಡಲೇಬೇಕು: ಮದರ್‌ಬೋರ್ಡಿನ ಸಿಆರ್2032 ಬಿಲ್ಲೆ ಸೆಲ್ ಬದಲಿಸಿ. ನಮ್ಮ ಮೂರರಲ್ಲಿ ಒಂದರ ಸೆಲ್ ಸತ್ತಿತ್ತು. ವಿದ್ಯುತ್ ಪೂರ್ತಿ ಹೋಗಿ ಬಂದ ಮೇಲೆ ಆ ಯಂತ್ರದ ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಯಿತು. ಸೆಫ್ ಮಾನಿಟರುಗಳ ನಡುವೆ 0.05 ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಕಂಡರೇ ಎಚ್ಚರಿಕೆ ಬರುತ್ತದೆ, ಹೀಗಿರುವಾಗ ಆ ಮಾನಿಟರ್ ಸೇರಿಕೊಳ್ಳಲೇ ಇಲ್ಲ. ಒಂದು ಸೆಲ್ಲಿನ ಬೆಲೆ ಒಂದು ಊಟದ ಬೆಲೆಗಿಂತ ಕಡಿಮೆ.

ಇನ್‌ಸ್ಟಾಲರ್‌ನಲ್ಲಿ ಎರಡು ಸಣ್ಣ ಎಸ್‌ಎಸ್‌ಡಿ ಆಯ್ದು ಝಡ್‌ಎಫ್‌ಎಸ್ ರೇಡ್1 (ಎರಡರಲ್ಲೂ ಅದೇ ಪ್ರತಿ) ಎಂದರೆ ಹದಿನೈದು ನಿಮಿಷದಲ್ಲಿ ಒಂದು ನೋಡ್ ಸಿದ್ಧ. ಹೋಸ್ಟ್‌ನೇಮ್ ಮತ್ತು ಐಪಿ ಅಲ್ಲೇ ಕೊನೆಯ ತೀರ್ಮಾನ ಆಗಬೇಕು, ಕ್ಲಸ್ಟರ್ ಸೇರಿದ ಮೇಲೆ ಬದಲಿಸಲು ಹೋದರೆ ಬಹಳ ತೊಂದರೆ. ಚಂದಾ ಇಲ್ಲದವರಿಗೆ ಮೊದಲ ಅಪ್‌ಡೇಟಿನಲ್ಲೇ 401 ದೋಷ ಬರುತ್ತದೆ. ಎಂಟರ್‌ಪ್ರೈಸ್ ರೆಪಾಸಿಟರಿ ನಿಲ್ಲಿಸಿ ನೋ-ಸಬ್‌ಸ್ಕ್ರಿಪ್ಷನ್ ರೆಪಾಸಿಟರಿ ಹಾಕಿಕೊಳ್ಳಬೇಕು, ಸೆಫ್‌ಗೂ ಬೇರೆಯಾಗಿ. ಬಳಿಕ 8006 ಪೋರ್ಟಿನ ಪರದೆಯಲ್ಲಿ ಮೊದಲ ನೋಡ್‌ನಲ್ಲಿ ಕ್ಲಸ್ಟರ್ ಸೃಷ್ಟಿಸಿ, ಉಳಿದೆರಡನ್ನು ಸೇರಿಸುವುದು. ಸೇರುವ ನೋಡ್‌ನಲ್ಲಿ ವಿಎಂ ಒಂದೂ ಇರಕೂಡದು. ಸೆಫ್ ಪೂಲಿಗೆ ಸೈಜ್ 3, ಮಿನ್-ಸೈಜ್ 2, ಅಂದರೆ ಮೂರು ಪ್ರತಿ, ಎರಡಾದರೂ ಇದ್ದರೆ ಮಾತ್ರ ಬರೆಯಲು ಅವಕಾಶ. ಜಾಗ ಸಾಲದೆಂದು ಸೈಜ್ 2, ಮಿನ್-ಸೈಜ್ 1 ಮಾಡುವವರಿದ್ದಾರೆ, ದಯವಿಟ್ಟು ಮಾಡಬೇಡಿ. ಒಂದೇ ಪ್ರತಿಯ ಮೇಲೆ ಬರೆಯುತ್ತಿರುವಾಗ ಆ ಡಿಸ್ಕೂ ಹೋದರೆ ಹಿಂದಿರುಗಿ ಬರುವ ದಾರಿಯೇ ಇರುವುದಿಲ್ಲ.

ಹಳೆಯ ವಿಂಡೋಸ್ ಸರ್ವರನ್ನು ಒಳಗೆ ತಂದದ್ದು

ಹೊಸ ವಿಎಂ ಮಾಡುವುದು ಸುಲಭ. ಎಂಟು ವರ್ಷದಿಂದ ಓಡುತ್ತಿದ್ದ ಲೆಕ್ಕಪತ್ರದ ಯಂತ್ರವನ್ನು ಹಾಗೆಯೇ ಎತ್ತಿ ತರುವುದೇ ಕೆಲಸ. ಡಿಸ್ಕ್2ವಿಎಚ್‌ಡಿ ಬಳಸಿ ಅದರ ಡಿಸ್ಕನ್ನು ಫೈಲಾಗಿ ತೆಗೆದು, ಪ್ರಾಕ್ಸ್‌ಮಾಕ್ಸ್‌ಗೆ ಇಂಪೋರ್ಟ್ ಮಾಡಿ, ವರ್ಟ್‌ಐಓ (ವಿಎಂಗೆಂದೇ ಮಾಡಿದ ವೇಗದ ಬಗೆ) ಡಿಸ್ಕಾಗಿ ಜೋಡಿಸಿ ಬೂಟ್ ಮಾಡಿದರೆ ನೀಲಿ ಪರದೆ, ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’. ಕಾರಣ ಸರಳ: ವಿಂಡೋಸ್‌ಗೆ ವರ್ಟ್‌ಐಓ ಡ್ರೈವರ್ ಗೊತ್ತಿಲ್ಲ, ತನ್ನದೇ ಡಿಸ್ಕ್ ಅದಕ್ಕೆ ಕಾಣುವುದಿಲ್ಲ.

ದಾರಿ ಹೀಗೆ. ಮೊದಲು ಆ ಡಿಸ್ಕನ್ನು ಸಾಟಾ ಆಗಿ ಜೋಡಿಸಿ ಬೂಟ್ ಮಾಡಿ. ಜೊತೆಗೆ 1 ಜಿಬಿಯ ಒಂದು ಖಾಲಿ ಡಿಸ್ಕನ್ನು ವರ್ಟ್‌ಐಓ ಸ್ಕಸಿಯಾಗಿ ಸೇರಿಸಿ, ವರ್ಟ್‌ಐಓ ಐಎಸ್‌ಓ ಅನ್ನು ಸಿಡಿಯಾಗಿ ಕೊಡಿ. ಆ ಖಾಲಿ ಡಿಸ್ಕಿಗಾಗಿ ವಿಂಡೋಸ್ ಡ್ರೈವರ್ ಕೇಳುತ್ತದೆ, ಸಿಡಿಯಿಂದ ಹಾಕಿ. ಖಾಲಿ ಡಿಸ್ಕ್ ಡಿವೈಸ್ ಮ್ಯಾನೇಜರಿನಲ್ಲಿ ಸರಿಯಾಗಿ ಕಂಡಿತೆಂದರೆ ವಿಂಡೋಸ್ ಆ ಡ್ರೈವರನ್ನು ಕಲಿಯಿತು ಎಂದರ್ಥ. ಯಂತ್ರ ಆರಿಸಿ, ಖಾಲಿ ಡಿಸ್ಕ್ ತೆಗೆದು, ಮುಖ್ಯ ಡಿಸ್ಕನ್ನು ಸಾಟಾದಿಂದ ಬಿಡಿಸಿ ಸ್ಕಸಿಗೆ ಜೋಡಿಸಿ, ಬೂಟ್ ಆರ್ಡರ್ ತಿದ್ದಿ. ಈ ಕೊನೆಯದನ್ನು ಮರೆತು ನೆಟ್‌ವರ್ಕ್ ಬೂಟ್ ನೋಡುತ್ತಾ ಕೂರುವವರೇ ಹೆಚ್ಚು. ಹಳೆಯ ಯಂತ್ರ ಲೆಗಸಿ ಬಯೋಸ್‌ನದ್ದಾದರೆ ವಿಎಂಗೂ ಸೀಬಯೋಸ್, ಯುಇಎಫ್‌ಐ ಆಗಿದ್ದರೆ ಓವಿಎಂಎಫ್ ಮತ್ತು ಅದಕ್ಕೊಂದು ಇಎಫ್‌ಐ ಡಿಸ್ಕ್. ಬಳಿಕ ಡಿಸ್ಕಾರ್ಡ್ ಮತ್ತು ಐಓ ಥ್ರೆಡ್ ಆನ್ ಮಾಡಿ, ಕ್ಯಾಶೆ ಬೇಡ, ವಿಎಂ ಒಳಗಿನಿಂದ ಹೋಸ್ಟಿನ ಜೊತೆ ಮಾತಾಡುವ ಕ್ಯೂಇಎಂಯು ಗೆಸ್ಟ್ ಏಜೆಂಟ್ ಕಡ್ಡಾಯ.

ಆ ಲೆಕ್ಕಪತ್ರಕ್ಕೆ ಯುಎಸ್‌ಬಿ ಡಾಂಗಲ್, ಅಂದರೆ ಸಾಫ್ಟ್‌ವೇರಿನ ಪರವಾನಗಿ ಇರುವ ಕಡ್ಡಿ, ಬೇಕಿತ್ತು. ಡಾಂಗಲನ್ನು ಸರ್ವರಿಗೆ ಸಿಕ್ಕಿಸಿ ವಿಎಂಗೆ ದಾಟಿಸಬಹುದು, ಆದರೆ ಆಗ ವಿಎಂ ಆ ಸರ್ವರಿಗೇ ಅಂಟಿಕೊಳ್ಳುತ್ತದೆ, ಲೈವ್ ಮೈಗ್ರೇಷನ್ ಇಲ್ಲ. ಕೊನೆಗೆ ಡಾಂಗಲನ್ನು ನೆಟ್‌ವರ್ಕ್ ಮೇಲೆ ಹಂಚುವ ಒಂದು ಸಣ್ಣ ಪೆಟ್ಟಿಗೆ ತಂದು ರ್‍ಯಾಕಿನಲ್ಲಿಟ್ಟೆವು.

ಕರೆಂಟು

ಮಲೆನಾಡಿನಲ್ಲಿ ಕ್ಲೌಡ್ ನಿಲ್ಲುವುದೋ ಬೀಳುವುದೋ ಇಲ್ಲಿ ನಿರ್ಧಾರವಾಗುತ್ತದೆ. ರೋಹಿಣಿ ಮಳೆಯ ಸಿಡಿಲಿನಿಂದ ಹಿಡಿದು ಆಶ್ಲೇಷದ ಗಾಳಿಯವರೆಗೆ ಕರೆಂಟ್ ಹೋಗುವುದು, ಅರ್ಧ ಸೆಕೆಂಡ್ ಮಿಣುಕುವುದು, ವೋಲ್ಟೇಜ್ ಇಳಿಯುವುದು ನಡೆಯುತ್ತಲೇ ಇರುತ್ತದೆ. ಮನೆಯ ಇನ್ವರ್ಟರ್ ಸಾಲದು. ಅದು ಬ್ಯಾಟರಿಗೆ ಹೊರಳಲು ತೆಗೆದುಕೊಳ್ಳುವ ಹೊತ್ತು ಸರ್ವರಿನ ಪವರ್ ಸಪ್ಲೈ ಉಸಿರು ಹಿಡಿಯಬಲ್ಲ ಹತ್ತಿಪ್ಪತ್ತು ಮಿಲಿಸೆಕೆಂಡಿಗಿಂತ ಹೆಚ್ಚಾದರೆ ಸರ್ವರ್ ರೀಬೂಟ್. ಬೇಕಾದ್ದು ಆನ್‌ಲೈನ್ ಯುಪಿಎಸ್, ಅದರಲ್ಲಿ ಬ್ಯಾಟರಿಗೆ ಹೊರಳುವ ಹೊತ್ತೇ ಇಲ್ಲ. ಜನರೇಟರ್ ಇರುವಲ್ಲಂತೂ ಬೇರೆ ಆಯ್ಕೆಯೇ ಇಲ್ಲ, ಜನರೇಟರಿನ ಫ್ರೀಕ್ವೆನ್ಸಿ ಏರಿಳಿಯುವುದನ್ನು ಕಂಡು ಸಾದಾ ಯುಪಿಎಸ್ ಬ್ಯಾಟರಿಯಲ್ಲೇ ಉಳಿದುಬಿಡುತ್ತದೆ.

ನಮ್ಮ ಲೋಡು ಮೂರು ಸರ್ವರ್, ಸ್ವಿಚ್ ಎಲ್ಲ ಸೇರಿ 800 ವ್ಯಾಟ್. 3 ಕೆವಿಎ ಯುಪಿಎಸ್‌ಗೆ 12 ವೋಲ್ಟ್ 42 ಎಎಚ್‌ನ ಎಂಟು ಬ್ಯಾಟರಿ, 4032 ವ್ಯಾಟ್-ಅವರ್. ನಷ್ಟ ಕಳೆದು ಹೊಸದರಲ್ಲಿ ಮೂರೂವರೆ ಗಂಟೆ ಎಂದಿಟ್ಟುಕೊಂಡರೂ, ಬ್ಯಾಟರಿ ಹಳತಾದ ಮೇಲೆ ಎರಡು ಗಂಟೆಯೇ ಸಿಗುವುದು ಎಂದು ಲೆಕ್ಕ ಹಾಕಿ ಯೋಜನೆ ಮಾಡಿ.

ಬ್ಯಾಟರಿ ಮುಗಿಯುವ ಮೊದಲು ಎಲ್ಲವೂ ಕ್ರಮವಾಗಿ ಆರಬೇಕು. ಇದಕ್ಕೆ ನಟ್ ಎಂಬ ತಂತ್ರಾಂಶ: ಯುಪಿಎಸ್‌ನ ಯುಎಸ್‌ಬಿ ಒಂದು ನೋಡ್‌ಗೆ, ಉಳಿದೆರಡು ಆ ನೋಡನ್ನು ಕೇಳಿ ತಿಳಿದುಕೊಳ್ಳುತ್ತವೆ. ಮೊದಲ ಪ್ರಯೋಗದಲ್ಲಿ ಎರಡು ನೋಡ್ ಸರಿಯಾಗಿ ಆರಿದವು. ಮೂರನೆಯದು ಆರುವ ಬದಲು ರೀಬೂಟ್ ಆಗಿ, ಬ್ಯಾಟರಿ ಸಾಯುವ ತನಕ ಒಂಟಿಯಾಗಿ ಎದ್ದು ಕೂತಿತ್ತು. ಎರಡು ಹೋದ ಕೂಡಲೇ ಅದಕ್ಕೆ ಕೋರಂ ಇಲ್ಲ, ತನ್ನ ವಿಂಡೋಸ್ ವಿಎಂ ಆರಲಿ ಎಂದು ಅದು ಇನ್ನೂ ಕಾಯುತ್ತಿತ್ತು, 60 ಸೆಕೆಂಡಿಗೆ ವಾಚ್‌ಡಾಗ್ ಹೊಡೆಯಿತು. ಈಗಿನ ಸ್ಕ್ರಿಪ್ಟ್ ಮೊದಲು ಎಲ್ಲ ವಿಎಂಗಳನ್ನು ಆರಿಸುತ್ತದೆ, ಹೈ ಅವೈಲೆಬಿಲಿಟಿಯವನ್ನು ಅದರ ಪಟ್ಟಿಯಲ್ಲೇ ‘ಸ್ಟಾಪ್ಡ್’ ಎಂದು ಗುರುತು ಮಾಡುವ ಮೂಲಕ. ನಂತರ ಮೂರೂ ನೋಡ್‌ಗಳಲ್ಲಿ ಹೈ ಅವೈಲೆಬಿಲಿಟಿ ನಡೆಸುವ ಎರಡು ಸೇವೆಗಳನ್ನು, ಮೊದಲು ಎಲ್‌ಆರ್‌ಎಂ, ಆಮೇಲೆ ಸಿಆರ್‌ಎಂ, ನಿಲ್ಲಿಸುತ್ತದೆ. ಬಳಿಕ ಸೆಫ್‌ಗೆ ನೋಔಟ್, ನೋರಿಕವರ್, ನೋರಿಬ್ಯಾಲೆನ್ಸ್, ನೋಬ್ಯಾಕ್‌ಫಿಲ್, ನೋಡೌನ್, ಕೊನೆಗೆ ಪಾಜ್ ಗುರುತು, ಎಲ್ಲವೂ ‘ಇದ್ದಂತೆಯೇ ಇರು’ ಎನ್ನುವ ಸೂಚನೆಗಳು. ಆಮೇಲೆಯೇ ನೋಡ್‌ಗಳು. ಎದ್ದ ಮೇಲೆ ಈ ಗುರುತುಗಳನ್ನು ತಿರುಗಾ ತೆಗೆಯುವವರೆಗೆ ಸೆಫ್ ಬರೆಯುವುದಿಲ್ಲ, ಇದನ್ನು ಮರೆತು ಗಾಬರಿ ಬೀಳಬೇಡಿ. ಡೇಟಾಬೇಸಿನ ವಿಂಡೋಸ್ ವಿಎಂ ಆರಲು ನಾಲ್ಕು ನಿಮಿಷ ಬೇಕು. ಹಾಗಾಗಿ ಬ್ಯಾಟರಿಯಲ್ಲಿ ಇಪ್ಪತ್ತು ನಿಮಿಷ ಉಳಿದಾಗಲೇ ಶುರು.

ಅರ್ತಿಂಗ್ ಗುಂಡಿಯನ್ನು ಮಳೆಗಾಲದಲ್ಲಿ ಅಳೆದು ಸಮಾಧಾನಪಡಬೇಡಿ. ಜಂಬಿಟ್ಟಿಗೆ ನೆಲ ಏಪ್ರಿಲ್ ಹೊತ್ತಿಗೆ ಒಣಗಿ ಬಿರುಕು ಬಿಡುತ್ತದೆ, ಮೊದಲ ಸಿಡಿಲು ಬರುವುದೂ ಆಗಲೇ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಗುಂಡಿಗೆ ನೀರು ಹಾಕಿಸುತ್ತೇವೆ, ನ್ಯೂಟ್ರಲ್-ಅರ್ತ್ ನಡುವೆ 2 ವೋಲ್ಟ್ ದಾಟಿದರೆ ಎಲೆಕ್ಟ್ರಿಶಿಯನ್ ಕರೆಸುತ್ತೇವೆ. ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ಲ್ಯಾನ್ ಕೇಬಲ್ ಎಳೆಯಲೇಬಾರದು. ಫೈಬರ್ ಸಿಡಿಲನ್ನು ಹೊತ್ತು ತರುವುದಿಲ್ಲ.

ಶೀತ

ಜುಲೈಯಲ್ಲಿ ಸಂಘದ ಕಾರ್ಯದರ್ಶಿಗಳು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ: “ಹೊರಗೆ ಇಷ್ಟು ಥಂಡಿ ಇದೆ ಸಾರ್, ಎಸಿ ಆರಿಸಿ ಕಿಟಕಿ ತೆಗೆದಿಟ್ಟರೆ ಸಾಲ್ದಾ?” ಉಷ್ಣತೆಗೆ ಸಾಲುತ್ತದೆ. ಆದರೆ ಆ ಗಾಳಿಯ ತೇವ 90 ಪ್ರತಿಶತದ ಮೇಲೆ, ಸರ್ವರುಗಳು ಸಾಮಾನ್ಯವಾಗಿ 80ರ ಒಳಗೆ ಇರಬೇಕು. ಗೋಡೆಗೆ ಬೂಷ್ಟು ಹಿಡಿಯುವ ಕೋಣೆಯಲ್ಲಿ ರ್‍ಯಾಮ್ ಸ್ಲಾಟಿನ ಕಾಲುಗಳೂ ಕಪ್ಪಾಗುತ್ತವೆ, ಇಸಿಸಿ ದೋಷಗಳ ಎಣಿಕೆ ಲಾಗಿನಲ್ಲಿ ಏರುತ್ತಾ ಹೋಗುತ್ತದೆ. 800 ವ್ಯಾಟ್ ಶಾಖಕ್ಕೆ ಒಂದು ಟನ್ನಿನ ಎಸಿ ಬೇಕಾದ್ದಕ್ಕಿಂತ ಹೆಚ್ಚೇ. ಮಳೆಗಾಲದಲ್ಲಿ ಅದನ್ನು ಡ್ರೈ ಮೋಡಿನಲ್ಲಿ ಓಡಿಸುತ್ತೇವೆ, ಕಿಟಕಿ ಸಂದಿಗೆ ಟೇಪು. ಬಿಡಿ ಸರ್ವರನ್ನು ಕಪಾಟಿನಲ್ಲಿ ಆರಿಸಿಟ್ಟು ಮಳೆಗಾಲ ಕಳೆದು ಹಚ್ಚುವುದಕ್ಕಿಂತ, ಹಚ್ಚಿಯೇ ಇಡುವುದು ಅದಕ್ಕೆ ಕ್ಷೇಮ. ಒಳಗಿನ ಬಿಸಿಯೇ ಅದನ್ನು ಒಣಗಿಸಿಡುತ್ತದೆ. ಖಾಲಿ ಸ್ಲಾಟುಗಳ ತಗಡು ಮುಚ್ಚಳ ಬಿಟ್ಟಿರಬೇಡಿ. ಬೆಚ್ಚಗಿನ ಜಾಗ ಹುಡುಕುವ ಹಲ್ಲಿ, ಇರುವೆ ಮೊದಲು ಹೋಗುವುದು ಪವರ್ ಸಪ್ಲೈ ಒಳಗೆ.

ಬೇರೆಯವರಿಗೂ ಕೊಡುವಾಗ

ಕ್ಲಸ್ಟರ್ ನಿಂತ ಮೇಲೆ ಸುತ್ತಲಿನ ಇನ್ನೆರಡು ಸಂಘಗಳು, ಒಂದು ಶಾಲೆ ತಮಗೂ ವಿಎಂ ಬೇಕೆಂದವು. ಪ್ರತಿಯೊಬ್ಬರಿಗೂ ಬೇರೆ ವಿಲ್ಯಾನ್ (ಪ್ರತ್ಯೇಕ ನೆಟ್‌ವರ್ಕ್), ಬೇರೆ ಪೂಲ್ (ವಿಎಂಗಳ ಗುಂಪು), ತಮ್ಮ ವಿಎಂ ಹಚ್ಚಿ ಆರಿಸಿ ಕನ್ಸೋಲ್ ನೋಡುವಷ್ಟು ಹಕ್ಕು. ಸಿಪಿಯು ಒಂದಕ್ಕೆ ನಾಲ್ಕರಂತೆ ಹಂಚಬಹುದು, ರ್‍ಯಾಮ್ ಮಾತ್ರ ಇದ್ದಷ್ಟೇ. ಪಬ್ಲಿಕ್ ಐಪಿ ಒಂದೇ ಇದ್ದುದರಿಂದ ವೆಬ್‌ಸೈಟುಗಳೆಲ್ಲ, ಸೈಟಿನ ಹೆಸರು ನೋಡಿ ಸರಿಯಾದ ವಿಎಂಗೆ ಕಳಿಸುವ ಎಚ್‌ಎ-ಪ್ರಾಕ್ಸಿ ಹಿಂದೆ. ಇಷ್ಟಕ್ಕೆ ಪ್ರಾಕ್ಸ್‌ಮಾಕ್ಸ್ ಸಾಕು. ಆದರೆ ಬಾಡಿಗೆದಾರರೇ ವಿಎಂ ಮಾಡಿಕೊಳ್ಳುವುದು, ಬಳಕೆಯ ಲೆಕ್ಕ, ಮಿತಿ, ಒಬ್ಬೊಬ್ಬರಿಗೂ ತಮ್ಮದೇ ರೂಟರ್ ಬೇಕೆಂದರೆ ಅದು ಅಪಾಚೆ ಕ್ಲೌಡ್‌ಸ್ಟ್ಯಾಕ್‌ನ ಕ್ಷೇತ್ರ. ಹತ್ತಾರು ಬಾಡಿಗೆದಾರರು ಬರುವವರೆಗೆ ಅದರ ನಿರ್ವಹಣೆಯ ಹೊರೆ ಹೊರುವುದು ಬೇಡ ಎನ್ನುವುದು ನಮ್ಮ ತೀರ್ಮಾನ.

ಸಾಗರಕ್ಕೆ ಹೋಗುವುದು

ಶಿವಮೊಗ್ಗದಲ್ಲೇ ಕ್ಲಸ್ಟರಿನ ಹೊರಗೆ ಪ್ರತ್ಯೇಕ ಯಂತ್ರದಲ್ಲಿ ಒಂದು ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್, ಸಾಗರದಲ್ಲಿ ಇನ್ನೊಂದು. ಬ್ಯಾಕಪ್ ಸರ್ವರನ್ನು ಅದೇ ಕ್ಲಸ್ಟರಿನ ವಿಎಂ ಆಗಿ ಇಡುವುದು ಪೆಟ್ಟಿಗೆಯ ಬೀಗದ ಕೈಯನ್ನು ಆ ಪೆಟ್ಟಿಗೆಯೊಳಗೇ ಇಟ್ಟಂತೆ. ಬ್ಯಾಕಪ್ ಸರ್ವರ್ ವಿಎಂ ಡಿಸ್ಕನ್ನು 4 ಎಂಐಬಿ ತುಂಡುಗಳಾಗಿ ಕತ್ತರಿಸಿ, ಮೊದಲೇ ಇದ್ದ ತುಂಡನ್ನು ಮತ್ತೆ ಇಡುವುದಿಲ್ಲ. ಹಾಗಾಗಿ ಮೊದಲ ಸಲ ಮಾತ್ರ ಭಾರ. ಮೊದಲ 2 ಟಿಬಿಯನ್ನು 20 ಎಂಬಿಪಿಎಸ್ ಲೈನಿನಲ್ಲಿ ಕಳಿಸಿದರೆ ಒಂಬತ್ತು ದಿನಕ್ಕೂ ಹೆಚ್ಚು, ಅದೂ ಲೈನು ಒಮ್ಮೆಯೂ ಕಡಿಯದಿದ್ದರೆ. ಆದ್ದರಿಂದ ಸಾಗರದ ಯಂತ್ರವನ್ನು ಮೊದಲು ಶಿವಮೊಗ್ಗದ ಕೋಣೆಯಲ್ಲೇ ಇಟ್ಟು ರಾತ್ರಿಯಿಡೀ ತುಂಬಿಸಿ, ಡಿಸ್ಕುಗಳನ್ನು ಬಿಚ್ಚಿ ಬೇರೆ ಸುತ್ತಿ ಕಾರಿನಲ್ಲಿ ಒಯ್ದೆವು. ಈಗ ದಿನದ ಬದಲಾವಣೆ ಸುಮಾರು 12 ಜಿಬಿ, 80 ನಿಮಿಷದ ಕೆಲಸ. ಲೈನು ಕಡಿದರೆ ಮರುದಿನ ಉಳಿದದ್ದು ಹೋಗುತ್ತದೆ, ಯಾರೂ ರೀಬೂಟ್ ಆಗುವುದಿಲ್ಲ.

ಸಾಗರದ ಬ್ಯಾಕಪ್ ಸರ್ವರ್ ತಾನೇ ಬಂದು ಪ್ರತಿಯನ್ನು ಎಳೆದುಕೊಳ್ಳುತ್ತದೆ, ಶಿವಮೊಗ್ಗಕ್ಕೆ ಸಾಗರದ ಪಾಸ್‌ವರ್ಡ್ ಗೊತ್ತಿಲ್ಲ. ಶಿವಮೊಗ್ಗದಲ್ಲಿ ರ್‍ಯಾನ್ಸಮ್‌ವೇರ್ ನುಗ್ಗಿ ಎಲ್ಲ ಅಳಿಸಿದರೂ ಸಾಗರದ ಪ್ರತಿ ಉಳಿಯಬೇಕು. ಅದಕ್ಕೇ ‘ಅಲ್ಲಿ ಅಳಿಸಿದ್ದನ್ನು ಇಲ್ಲೂ ಅಳಿಸು’ ಎನ್ನುವ ಆಯ್ಕೆಯನ್ನು ಸಾಗರದಲ್ಲಿ ಆನ್ ಮಾಡಿಲ್ಲ, ಹಳೆಯದನ್ನು ತೆಗೆಯುವ ಪ್ರೂನ್ ಅದರದ್ದೇ ಬೇರೆ. ಪ್ರೂನ್ ಮಾಡಿದರೂ ಜಾಗ ಖಾಲಿಯಾಗಲಿಲ್ಲವೆಂದು ಹಲವರು ಚಿಂತಿಸುತ್ತಾರೆ. ತುಂಡುಗಳನ್ನು ನಿಜವಾಗಿ ತೆಗೆಯುವುದು ಗಾರ್ಬೇಜ್ ಕಲೆಕ್ಷನ್, ಅದೂ 24 ಗಂಟೆಗಿಂತ ಹಳೆಯದಾದ ಮೇಲೆ.

ಸಾಗರದಲ್ಲಿ ಕ್ಲಸ್ಟರ್ ಸೇರದ ಒಂಟಿ ಪ್ರಾಕ್ಸ್‌ಮಾಕ್ಸ್ ಯಂತ್ರವೊಂದಿದೆ, ರಿಸ್ಟೋರ್ ಮಾಡಿ ನೋಡಲು. ಶಿವಮೊಗ್ಗ ಇಲ್ಲವೇ ಇಲ್ಲ ಎಂದುಕೊಂಡು, ಆ ಲೈನನ್ನೇ ಕಿತ್ತಿಟ್ಟು ಮೊದಲ ಸಲ ಪರೀಕ್ಷೆ ಮಾಡಿದಾಗ ಒಂದು ವಿಎಂ ಕೂಡ ಏಳಲಿಲ್ಲ. ಬ್ಯಾಕಪ್ ಎಲ್ಲವೂ ಎನ್‌ಕ್ರಿಪ್ಟ್ ಆಗಿತ್ತು, ಅದರ ಕೀ ಇದ್ದದ್ದು ಶಿವಮೊಗ್ಗದ ಕ್ಲಸ್ಟರಿನೊಳಗೆ ಮಾತ್ರ. ಕೀಯನ್ನು ಕಾಗದಕ್ಕೆ ಮುದ್ರಿಸುವ ಸೌಕರ್ಯ ಬ್ಯಾಕಪ್ ಕ್ಲೈಂಟಿನಲ್ಲೇ ಇದೆ, ಅಕ್ಷರ ಮತ್ತು ಕ್ಯೂಆರ್ ಎರಡೂ ಬರುತ್ತವೆ. ಎರಡು ಪ್ರತಿ ತೆಗೆದು, ಶೀತಕ್ಕೆ ಶಾಯಿ ಹರಡದಂತೆ ಲ್ಯಾಮಿನೇಟ್ ಮಾಡಿಸಿ, ಒಂದನ್ನು ಸಂಘದ ತಿಜೋರಿಯಲ್ಲಿ, ಇನ್ನೊಂದನ್ನು ಸಾಗರದಲ್ಲಿಟ್ಟೆವು. ಎರಡನೇ ಪರೀಕ್ಷೆಯಲ್ಲಿ ವಿಎಂಗಳು ಎದ್ದವು, ಲೆಕ್ಕಪತ್ರ ಮಾತ್ರ ತೆರೆಯಲಿಲ್ಲ: ಡಾಂಗಲ್ ಶಿವಮೊಗ್ಗದ ರ್‍ಯಾಕಿನಲ್ಲಿತ್ತು. ಈಗ ಎರಡನೇ ಡಾಂಗಲ್ ತರಿಸಿ ಸಾಗರ ಶಾಖೆಯ ಬೀರುವಿನಲ್ಲಿ, ಆ ಲ್ಯಾಮಿನೇಟ್ ಹಾಳೆಯ ಜೊತೆ ಒಂದೇ ಲಕೋಟೆಯಲ್ಲಿ ಇಟ್ಟಿದೆ. ಪ್ರತಿ ತಿಂಗಳ ಎರಡನೇ ಶನಿವಾರ ಆ ಲಕೋಟೆ ಒಡೆದು, ಲೈನು ಕಿತ್ತು, ಬಿಲ್ಲಿನ ಡೇಟಾಬೇಸನ್ನು ಅಲ್ಲಿ ಎಬ್ಬಿಸಿ, ಹಿಂದಿನ ದಿನದ ಕೊನೆಯ ಬಿಲ್ಲಿನ ನಂಬರು ಸರಿಯಿದೆಯೇ ಎಂದು ಶಿವಮೊಗ್ಗದ ಕೌಂಟರಿಗೆ ಫೋನು ಮಾಡಿ ತಾಳೆ ನೋಡುತ್ತೇವೆ.